ಅಳೆಯಬೇಕಾದುದು ಲೀಟರೋ, ಶಾಖವೋ?

ಜಮಖಂಡಿ ತಾಲ್ಲೂಕಿನ ಸಾವಳಗಿಯ ಸೀಮೆಯು ಕಬ್ಬಿನ ನಾಡು. ಕಬ್ಬಿನಿಂದ ಸಕ್ಕರೆಯಂತೆಯೇ ಎಥನಾಲ್ ಎಂಬ ಮದ್ಯಸಾರವೂ ದೊರೆಯುತ್ತದೆ. ಅದರ ದರವನ್ನು ಗೊತ್ತುಪಡಿಸುವುದು ಪೇಟೆಯಲ್ಲ, ಸರ್ಕಾರ. 2024–25ರಲ್ಲಿ ಕಬ್ಬಿನ ರಸದ ಎಥನಾಲಿಗೆ ಲೀಟರೊಂದಕ್ಕೆ 65.61 ರೂಪಾಯಿ ನಿಗದಿಯಾಯಿತು. 2025ರಲ್ಲಿ ಪೆಟ್ರೋಲಿನೊಡನೆ ಬೆರೆಸುವ ಅದರ ಪಾಲು ಶೇಕಡಾ 20ಕ್ಕೇರಿತು. ಇದರಿಂದ ರೈತನಿಗೆ ಆಸರೆ, ದೇಶಕ್ಕೆ ವಿದೇಶೀ ವಿನಿಮಯದ ಉಳಿತಾಯ. ಇವೆರಡೂ ಬೇಕಾದುವೇ.

ಆದರೆ ಒಂದು ಲೀಟರ್ ಎಥನಾಲ್ ಉರಿದಾಗ ದೊರೆಯುವ ಶಾಖವು ಪೆಟ್ರೋಲಿನದರ ಮೂರರಲ್ಲಿ ಎರಡು ಪಾಲು ಮಾತ್ರ. ಎಂದ ಮೇಲೆ ಮಿಶ್ರಣದ ಪ್ರತಿ ಲೀಟರಿನಲ್ಲಿಯೂ ಸುಮಾರು ಶೇಕಡಾ 7ರಷ್ಟು ಶಾಖ ಕಡಮೆ. ಅದಕ್ಕೆ ತಕ್ಕಂತೆ ಬೆಲೆಯನ್ನು ಮಾತ್ರ ಇಳಿಸಲಿಲ್ಲ. ರೈತನಿಗೆ ಸಲ್ಲಬೇಕಾದ ಸಹಾಯವನ್ನು ಬೊಕ್ಕಸದಿಂದ ಬಹಿರಂಗವಾಗಿ ಕೊಡಲಿ. ಕೊಳ್ಳುವವನಿಂದ ಅವನಿಗೆ ತಿಳಿಯದಂತೆ ಪಡೆಯುವುದು ಸಲ್ಲದು. ಇಂಧನಕ್ಕೆ ಬೆಲೆ ಕಟ್ಟುವಾಗ ಅಳೆಯಬೇಕಾದುದು ಲೀಟರನ್ನಲ್ಲ, ಶಾಖವನ್ನು.