ಆಗುಂಬೆಗೆ ಎಂದು ಹೋಗಬೇಕು?

ಕುಟುಂಬಸಮೇತರಾಗಿ ಪ್ರವಾಸ ಹೊರಡುವ ನಮ್ಮ ಓದುಗ ಬಂಧುಗಳು ಆಗುಂಬೆಯ ಸೂರ್ಯಾಸ್ತ ವೀಕ್ಷಣಾ ಸ್ಥಳವನ್ನು ಕುರಿತು ಆಗಾಗ ಕೇಳುವ ಪ್ರಶ್ನೆಯಿದು. ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಶ್ರಾವಣ ಮಾಸದಲ್ಲಿ ವೃದ್ಧ ತಾಯಿಯನ್ನು ಕರೆದೊಯ್ದು, ಎರಡು ಗಂಟೆ ಮಂಜಿನ ಗೋಡೆಯನ್ನು ನೋಡಿ, ಏನೂ ಕಾಣಲಿಲ್ಲವೆಂದು ಬೇಸರದಿಂದ ಮರಳಿದ ಸದ್ಗೃಹಸ್ಥರೊಬ್ಬರನ್ನು ಬಲ್ಲೆ. ಅವರು ಹೋದ ಸ್ಥಳ ಸರಿಯಾಗಿಯೇ ಇತ್ತು; ನೋಡಬಯಸಿದ ವಸ್ತು ಮಾತ್ರ ಆ ಕಾಲದ್ದಾಗಿರಲಿಲ್ಲ.

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯು ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಊರು ದಾಟಿ ಉಡುಪಿಯ ಕಡೆಗೆ ಘಟ್ಟವಿಳಿಯತೊಡಗಿದೊಡನೆ ಈ ಕಟ್ಟೆ ಸಿಗುತ್ತದೆ. ಅಲ್ಲಿಂದ ಮುಂದೆ 14 ಹೇರ್‌ಪಿನ್ ತಿರುವುಗಳನ್ನು ಇಳಿದರೆ ಸೋಮೇಶ್ವರ. ನೇರ ಗೆರೆಯಲ್ಲಿ ಅಳೆದರೆ ಅರಬ್ಬೀ ಸಮುದ್ರವು ಇಲ್ಲಿಂದ 40 ಕಿಲೋಮೀಟರಿಗಿಂತ ಬಹಳ ದೂರವೇನಲ್ಲ. ಕೆಳಗೆ ಕಡಲ ತಡಿಯಲ್ಲಿ ನಿಂತವನಿಗೆ ಸೂರ್ಯ ಮುಳುಗಿದ ಮೇಲೂ, ಎತ್ತರದ ಕಾರಣದಿಂದ, ಘಟ್ಟದ ಮೇಲಿನವರಿಗೆ ಒಂದೆರಡು ನಿಮಿಷ ಹೆಚ್ಚಾಗಿ ಅವನ ದರ್ಶನ ದೊರೆಯುತ್ತದೆ.

ಸೂರ್ಯಾಸ್ತವೇ ಉದ್ದೇಶವಾದರೆ ಕಾರ್ತಿಕದಿಂದ ಮಾಘದವರೆಗಿನ ಅವಧಿಯೇ ಯೋಗ್ಯ. ಮಳೆಯು ಆಕಾಶದ ಧೂಳನ್ನೆಲ್ಲ ತೊಳೆದಿರುತ್ತದೆ. ಒಣ ಗಾಳಿ ಬೀಸುತ್ತಿರುತ್ತದೆ. ಅದೃಷ್ಟವಿದ್ದ ಸಂಜೆ ಕಡಲು ಬೆಳ್ಳಿಯ ಸರಿಗೆಯಂತೆ ಮಿನುಗುವುದುಂಟು. ಬಿಂಬವು ದಿಗಂತವನ್ನು ಸಮೀಪಿಸಿದಂತೆ, ಗಾಳಿಯ ಕೆಳಪದರಗಳು ಬೆಳಕನ್ನು ಬಾಗಿಸುವುದರಿಂದ, ಒಮ್ಮೆ ತಟ್ಟೆಯಂತೆ ಚಪ್ಪಟೆಯಾಗಿ, ಒಮ್ಮೆ ಗಡಿಗೆಯಂತೆ ಕಂಠ ಮೂಡಿಸಿಕೊಂಡು ತೋರುತ್ತದೆ. ಬಹು ಮಂದಿ ಗಮನಿಸದ ಸಂಗತಿ ಇನ್ನೊಂದಿದೆ. ಡಿಸೆಂಬರ್ ಕೊನೆಗೆ ಹೋದವರು ಸೂರ್ಯನನ್ನು ನೇರ ಪಶ್ಚಿಮದಲ್ಲಿ ಹುಡುಕಬಾರದು. ಆಗ ಅವನು ಸುಮಾರು 24 ಅಂಶಗಳಷ್ಟು ದಕ್ಷಿಣಕ್ಕೆ ಸರಿದಿರುತ್ತಾನೆ. ಮಾರ್ಚ್ ಮೂರನೆಯ ವಾರಕ್ಕೆ ನಡುವಿಗೆ ಬರುತ್ತಾನೆ. ಮಕ್ಕಳನ್ನು ಎರಡು ಬಾರಿ ಕರೆದೊಯ್ದು ಒಂದೇ ಶಿಖರದ ಗುರುತು ಹಿಡಿದು ತೋರಿಸಿದರೆ, ಉತ್ತರಾಯಣವೆಂದರೇನೆಂದು ಪುಸ್ತಕ ತೆರೆಯದೆಯೇ ತಿಳಿದೀತು.

ಬೇಸಗೆಯಲ್ಲಿ ದಿಗಂತವು ಮಬ್ಬಾಗಿ, ಸೂರ್ಯನು ಕಡಲನ್ನು ಮುಟ್ಟುವ ಮೊದಲೇ ಕರಗಿಹೋಗುತ್ತಾನೆ. ಆದರೆ ಆಗ ಕಣ್ಣನ್ನು ಕೆಳಗಿನ ಕಾಡಿನತ್ತ ಹೊರಳಿಸಬೇಕು. ನಿತ್ಯಹರಿದ್ವರ್ಣದ ಕಾಡೆಂದರೆ ಸದಾ ಹಸುರೆಂದೇ ನಾವು ಭಾವಿಸುತ್ತೇವೆ. ನಾಗಸಂಪಿಗೆಯಂತಹ ಮರಗಳು ಚಿಗುರುವಾಗ ಮಾತ್ರ ತಾಮ್ರವರ್ಣವೇ ಎದ್ದುಕಾಣುತ್ತದೆ. ಕಾಳಿಂಗ ಸರ್ಪವು ತರಗೆಲೆಗಳನ್ನು ಒಟ್ಟುಗೂಡಿಸಿ ಗೂಡು ಕಟ್ಟಿ ಮೊಟ್ಟೆಯಿಡುವುದೂ ಮಳೆಗೆ ಮುಂಚಿನ ಈ ದಿನಗಳಲ್ಲೇ. 2024ರಲ್ಲಿ ವಿಜ್ಞಾನಿಗಳು ಪಶ್ಚಿಮ ಘಟ್ಟದ ಈ ಹಾವನ್ನು ಪ್ರತ್ಯೇಕ ಪ್ರಭೇದವೆಂದು ಗುರುತಿಸಿ, ಕನ್ನಡಿಗರು ಕರೆಯುವ ಕಾಳಿಂಗ ಎಂಬ ಹೆಸರನ್ನೇ ಅದಕ್ಕೆ ಇಟ್ಟರೆಂಬುದು ಸಂತೋಷದ ಸಂಗತಿ.

ಇನ್ನು ಮಳೆಗಾಲ. ಕಡಲ ಮೇಲಿಂದ ತೇವ ಹೊತ್ತು ಬರುವ ಗಾಳಿಗೆ ಈ ಘಟ್ಟವೇ ಗೋಡೆ. ಗೋಡೆಯನ್ನೇರಲೇಬೇಕು, ಏರಿದಂತೆ ತಣಿದು, ಹೊತ್ತದ್ದನ್ನೆಲ್ಲ ಇಲ್ಲಿಯೇ ಇಳಿಸುತ್ತದೆ. ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿದ ಮಳೆ! ಅದೇ ಜಿಲ್ಲೆಯ ಶಿವಮೊಗ್ಗ ನಗರಕ್ಕೆ ಬರುವ ಹೊತ್ತಿಗೆ ಮೋಡದ ಗಂಟು ಬಹುಪಾಲು ಬರಿದಾಗಿರುತ್ತದೆ. ಪುನರ್ವಸು, ಪುಷ್ಯ ಮಳೆಗಳಲ್ಲಿ ಕಟ್ಟೆಯ ಮೇಲೆ ನಿಂತವನಿಗೆ ಕೈಯಳತೆಯ ಆಚೆ ಏನೂ ಕಾಣದು, ನಿಜ. ಆದರೆ ತುಂಗೆ, ಸೀತೆಯರ ಸೀಮೆಯ ಗದ್ದೆ ತೋಟಗಳನ್ನು ಸಾಕುವ ಕೆಲಸ ನಡೆಯುವುದು ಆ ಬಿಳುಪಿನೊಳಗೇ. ಅದನ್ನು ಏನೂ ಇಲ್ಲವೆಂದು ಹೇಳುವುದು ನನ್ನ ದೃಷ್ಟಿಯಲ್ಲಿ ಅವಸರದ ಮಾತು.

ಹಾಗೆಂದು ಆಷಾಢದಲ್ಲಿ ವೃದ್ಧರನ್ನೂ ಹಸುಗೂಸುಗಳನ್ನೂ ಕರೆದೊಯ್ಯಲು ಹೇಳುತ್ತಿಲ್ಲ. ಇಕ್ಕಟ್ಟಾದ ದಾರಿ, ಭಾರಿ ವಾಹನಗಳಿಗೆ ಬಹುಕಾಲದಿಂದ ನಿರ್ಬಂಧವಿದೆ, ಮಣ್ಣು ಕುಸಿದು ಸಂಚಾರ ನಿಂತದ್ದೂ ಉಂಟು. ಹೊರಡುವ ಮುನ್ನ ವಿಚಾರಿಸಿಕೊಳ್ಳುವುದು ಲೇಸು. ತಿರುವಿನಲ್ಲಿ ಕಾರು ನಿಲ್ಲಿಸಿ ಚಿತ್ರ ತೆಗೆಯುವ ಚಪಲವಂತೂ ಯಾವ ಋತುವಿನಲ್ಲಿಯೂ ಬೇಡ.

ಕೋತಿಗಳ ವಿಷಯ ಹೇಳದೆ ಬಿಟ್ಟರೆ ತಪ್ಪಾದೀತು. ಬಾಳೆಹಣ್ಣು, ಬಿಸ್ಕತ್ತು ಎಸೆಯುವುದನ್ನು ಪುಣ್ಯಕಾರ್ಯವೆಂದೇ ನಮ್ಮ ಅನೇಕ ತಾಯಂದಿರು ಭಾವಿಸಿದ್ದಾರೆ. ದಾಸೋಹವು ಹಸಿದವನಿಗೆ, ಕಾಡು ತುಂಬ ಹಣ್ಣಿರುವ ಪ್ರಾಣಿಯನ್ನು ರಸ್ತೆಗೆಳೆದು ಗಾಲಿಯ ಕೆಳಗೆ ತಳ್ಳುವುದು ದಾಸೋಹವಾಗಲಾರದು. ಮನೆಯಿಂದ ಕಟ್ಟಿಕೊಂಡು ಹೋದ ರೊಟ್ಟಿ ಬುತ್ತಿಯನ್ನು ಊರೊಳಗೇ ಕುಳಿತು ಉಂಡು, ಪ್ಲಾಸ್ಟಿಕ್ ಚೀಲವನ್ನು ಜೇಬಿನಲ್ಲಿಟ್ಟುಕೊಂಡು, ಬರಿಗೈಯಲ್ಲಿ ಕಟ್ಟೆಯೇರಿರಿ.

ನನ್ನ ಸ್ವಂತ ಆಯ್ಕೆಯನ್ನು ಕೇಳಿದರೆ, ಆಶ್ವಯುಜ ಎನ್ನುವೆ. ಮಳೆ ಹಿಂದೆಗೆಯುತ್ತಿರುತ್ತದೆ, ಜನಸಂದಣಿ ಇನ್ನೂ ಬಂದಿರುವುದಿಲ್ಲ. ಸೂರ್ಯ ಕಂಡರೂ ಕಾಣಬಹುದು, ಇಲ್ಲದಿದ್ದರೂ ಇಲ್ಲ. ಮಧ್ಯಾಹ್ನದ ಹೊತ್ತು ಮೋಡಗಳು ಕಣಿವೆಯಲ್ಲಿ ನಮ್ಮ ಪಾದಕ್ಕಿಂತ ಕೆಳಗೆ ಅಲೆಯುತ್ತಿರುತ್ತವೆ. ಅವು ಹರಿದ ಎಡೆಯಲ್ಲಿ ಕ್ಷಣಕಾಲ ಸೋಮೇಶ್ವರದ ಕಾಡು ಹಸುರಾಗಿ ತೆರೆದು, ಮತ್ತೆ ಮುಚ್ಚಿಕೊಳ್ಳುತ್ತದೆ.