ಒಂದೇ ಊರು ಕಟ್ಟಿ ಗೆಲ್ಲಬಹುದೇ?

2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಗೇಮಿಂಗ್ ಕಾಯ್ದೆ ಮೂರೇ ದಿನದಲ್ಲಿ ಬಂದುಬಿಟ್ಟಿತು. 20ರಂದು ಲೋಕಸಭೆ, 21ರಂದು ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿಗಳ ಅಂಕಿತ. ಹಣ ಕಟ್ಟಿಸಿಕೊಂಡು ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಆಡಿದವರಿಗೆ ಶಿಕ್ಷೆಯಿಲ್ಲ. ಇ–ಸ್ಪೋರ್ಟ್ಸ್‌ಗೆ ಉತ್ತೇಜನ ಕೊಡುತ್ತೇವೆ ಎಂದೂ ಅದೇ ಕಾಯ್ದೆ ಹೇಳುತ್ತದೆ. ಆದರೆ ನಮ್ಮ ಮನೆಗಳಲ್ಲಿ ಈ ವ್ಯತ್ಯಾಸ ಯಾರಿಗೂ ಬೇಕಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಯಾವ ಗೇಮ್ ತೆರೆದರೂ ಒಂದೇ ಪ್ರಶ್ನೆ: ‘ಬ್ಯಾನ್ ಮಾಡಿದ್ರಂತಲ್ಲ, ಇನ್ನೂ ಆಡ್ತಿದೀಯಾ?’

ಇದಕ್ಕೆ ಅಪ್ಪ–ಅಮ್ಮಂದಿರನ್ನು ದೂರುವುದು ಸರಿಯಲ್ಲ. ಇದು ಕೌಶಲದ ಆಟವೋ, ಅದೃಷ್ಟದ ಆಟವೋ ಎಂದು ನ್ಯಾಯಾಲಯಗಳೇ ದಶಕಗಟ್ಟಲೆ ತಲೆ ಕೆಡಿಸಿಕೊಂಡಿವೆ. ರಮ್ಮಿಯಲ್ಲಿ ಕೌಶಲವೇ ಹೆಚ್ಚು ಎಂದು ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿತ್ತು. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದಾಗ, 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಅಲ್ಲೂ ಕೌಶಲದ ವಾದ ಮುಖ್ಯವಾಗಿತ್ತು. ಕೇಂದ್ರದ ಹೊಸ ಕಾಯ್ದೆ ಆ ಚರ್ಚೆಯನ್ನೇ ಬದಿಗೆ ಸರಿಸಿತು. ಕೌಶಲವಿರಲಿ, ಅದೃಷ್ಟವಿರಲಿ, ಗೆಲ್ಲುವ ಆಸೆಯಿಂದ ಹಣ ಕಟ್ಟಿದರೆ ನಿಷೇಧ. ಇದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನವರೆಗೆ ಹೋದವು. ಕಾನೂನಿಗೆ ಹಣದ ಗೆರೆ ಸಾಕಿರಬಹುದು. ಆಡುವ ನಮಗೆ ಇನ್ನೊಂದು ಪ್ರಶ್ನೆಯೂ ಇದೆ: ಆಟದ ನಿಯಮ ಯಾರ ಕೈಯಲ್ಲಿದೆ?

ಉದಾಹರಣೆಗೆ ‘ಸಿವಿಲೈಸೇಶನ್’ ತೆಗೆದುಕೊಳ್ಳಿ. ಸಿಡ್ ಮೈಯರ್ 1991ರಲ್ಲಿ ಶುರು ಮಾಡಿದ ಈ ಆಟದಲ್ಲಿ ಊರು ಕಟ್ಟಬೇಕು, ಅಲ್ಲಿಂದ ವಲಸೆಗಾರರನ್ನು ಕಳಿಸಿ ಇನ್ನಷ್ಟು ಊರು ಕಟ್ಟಬೇಕು, ಹೀಗೆ ಸಾಮ್ರಾಜ್ಯ ಬೆಳೆಯುತ್ತದೆ. ಇದರಲ್ಲಿ ಪಳಗಿದವರು ತಮಗೆ ತಾವೇ ಒಂದು ಷರತ್ತು ಹಾಕಿಕೊಂಡರು. ಕೊನೆಯವರೆಗೂ ಒಂದೇ ಊರು. ಎರಡನೆಯದನ್ನು ಕಟ್ಟುವಂತಿಲ್ಲ, ಗೆದ್ದು ಇಟ್ಟುಕೊಳ್ಳುವಂತೆಯೂ ಇಲ್ಲ. ಈ ‘ಒನ್ ಸಿಟಿ ಚಾಲೆಂಜ್’ ಎಷ್ಟು ಜನಪ್ರಿಯವಾಯಿತೆಂದರೆ ಮುಂದೆ ಆಟದ ಸೆಟ್ಟಿಂಗ್ಸ್‌ನಲ್ಲೇ ಒಂದು ಆಯ್ಕೆಯಾಗಿ ಸೇರಿತು.

ಮೊದಲು ಕೇಳಿದಾಗ ಇದು ಸೋಲಲೆಂದೇ ಆಡುವ ಆಟ ಅನ್ನಿಸುತ್ತದೆ. ಲೆಕ್ಕ ಹಾಕಿದರೆ ಹಾಗಿಲ್ಲ. ‘ಸಿವಿಲೈಸೇಶನ್ 5’ರಲ್ಲಿ ಒಂದು ಊರು ತನ್ನ ಸುತ್ತ ಮೂರು ಸುತ್ತಿನ 36 ಚೌಕಗಳನ್ನಷ್ಟೇ ದುಡಿಸಿಕೊಳ್ಳಬಲ್ಲದು (ಚೌಕ ಎಂದೆ, ನಿಜದಲ್ಲಿ ಆರು ಮೂಲೆಯವು). ಹಾಗಾಗಿ ಊರು ಎಲ್ಲಿ ಎನ್ನುವುದೇ ಅರ್ಧ ಆಟ. ನದಿ ಬೇಕು, ಬೆಟ್ಟ ಹತ್ತಿರವಿರಬೇಕು. ಇನ್ನು ವಿಜ್ಞಾನಕ್ಕೆ ದೊಡ್ಡ ಬಲ ಕೊಡುವ ನ್ಯಾಷನಲ್ ಕಾಲೇಜ್ ಕಟ್ಟಲು ಎಲ್ಲಾ ಊರುಗಳಲ್ಲೂ ಗ್ರಂಥಾಲಯ ಇರಲೇಬೇಕು. ಐದು ಊರಿನ ರಾಜ ಐದು ಗ್ರಂಥಾಲಯ ಮುಗಿಯುವವರೆಗೆ ಕಾಯುತ್ತಾನೆ. ಒಂದೂರಿನವನು ಒಂದೇ ಕಟ್ಟಿ ಮುಂದೆ ಹೋಗುತ್ತಾನೆ. 2013ರ ‘ಬ್ರೇವ್ ನ್ಯೂ ವರ್ಲ್ಡ್’ ವಿಸ್ತರಣೆಯ ನಂತರ ಸಾಮಾನ್ಯ ಅಳತೆಯ ನಕ್ಷೆಯಲ್ಲಿ ಪ್ರತಿ ಹೆಚ್ಚುವರಿ ಊರಿಗೂ ಹೊಸ ತಂತ್ರಜ್ಞಾನದ ಬೆಲೆ ಶೇ 5ರಷ್ಟು ಏರುತ್ತದೆ. ಒಂದೂರಿನವನಿಗೆ ಆ ಹೊರೆಯೂ ಇಲ್ಲ. ಯುದ್ಧದಿಂದ ಜಗತ್ತನ್ನು ಗೆಲ್ಲುವ ಆಸೆ ಬಿಟ್ಟು ವಿಜ್ಞಾನದಿಂದಲೋ ರಾಜತಂತ್ರದಿಂದಲೋ ಗೆಲ್ಲುವ ದಾರಿ ಹುಡುಕಬೇಕು, ಅಷ್ಟೇ. ಅದೇ ವಿಸ್ತರಣೆಯಲ್ಲಿ ವೆನಿಸ್ ಎಂಬ ರಾಜ್ಯವನ್ನು ಕೊಟ್ಟರು. ಅದು ವಲಸೆಗಾರರನ್ನು ಕಳಿಸುವಂತಿಲ್ಲ, ಬದಲಿಗೆ ವ್ಯಾಪಾರ ಮಾರ್ಗಗಳು ಎರಡು ಪಟ್ಟು.

ಷರತ್ತು ಯಾಕೆ ಬೇಕು, ಕಷ್ಟದ ಮಟ್ಟ ಏರಿಸಿದರೆ ಸಾಲದೇ ಎಂದು ಕೇಳಬಹುದು. ಸಾಲದು. ಮಟ್ಟ ಏರಿಸಿದರೆ ಕಂಪ್ಯೂಟರ್ ಜಾಣನಾಗುವುದಿಲ್ಲ, ಶ್ರೀಮಂತನಾಗುತ್ತದೆ. ‘ಸಿವಿಲೈಸೇಶನ್ 6’ರ ಅತಿ ಕಠಿಣ ಮಟ್ಟದಲ್ಲಿ ನಮಗೆ ಒಬ್ಬ ವಲಸೆಗಾರನಾದರೆ ಎದುರಾಳಿಗೆ ಮೂವರು. ಸ್ವಂತ ಷರತ್ತು ಹಾಗಲ್ಲ, ಅದು ನಾವು ಯೋಚಿಸುವ ರೀತಿಯನ್ನೇ ಬದಲಿಸುತ್ತದೆ. 2012ರ ‘ಎಕ್ಸ್‌ಕಾಮ್’ನ ಐರನ್‌ಮ್ಯಾನ್ ವಿಧಾನವೂ ಇದೇ ಜಾತಿಯದು. ಅಲ್ಲಿ ಇರುವುದು ಒಂದೇ ಸೇವ್. ಸೈನಿಕ ಸತ್ತರೆ ಸತ್ತ, ಹಳೆಯ ಫೈಲ್ ತೆರೆದು ಬದುಕಿಸುವಂತಿಲ್ಲ.

ಹಣದ ಆಟದ ಆ್ಯಪ್‌ಗಳಲ್ಲಿ ಇದು ಪೂರ್ತಿ ತಲೆಕೆಳಗಾಗಿತ್ತು. ನಮ್ಮ ಹಾಸ್ಟೆಲ್‌ನಲ್ಲೇ ಒಬ್ಬ ಸೆಮಿಸ್ಟರ್ ಫೀಸಿನ ದುಡ್ಡನ್ನು ಅಂಥ ಒಂದು ಆ್ಯಪ್‌ಗೆ ಸುರಿದ. ಅವನೂ ಷರತ್ತು ಹಾಕಿಕೊಂಡಿದ್ದ: ‘ಐನೂರು ಹೋದರೆ ನಿಲ್ಲಿಸ್ತೀನಿ.’ ಐನೂರು ಹೋದ ಕೂಡಲೇ ಆ್ಯಪ್ ಬೋನಸ್ ಕೊಟ್ಟಿತು. ಅವನ ಷರತ್ತು ಮುರಿದರೆ ಮಾತ್ರ ಅದಕ್ಕೆ ಲಾಭ. ಹಾಗೆಂದು ನಮ್ಮ ಆಟವೇನೂ ಸಾಧು ಅಲ್ಲ. ‘ಇನ್ನೊಂದೇ ಟರ್ನ್’ ಎನ್ನುತ್ತಾ ಬೆಳಗಿನ ಮೂರು ಗಂಟೆ ಮಾಡಿದವರು ಬೇಕಾದಷ್ಟಿದ್ದಾರೆ. ಆದರೆ ದಿನಕ್ಕೆ ಐವತ್ತೇ ಟರ್ನ್ ಎಂಬ ಷರತ್ತು ಹಾಕಿಕೊಂಡರೆ, ಅದನ್ನು ಮುರಿಸಲು ಆ ಕಡೆಯಿಂದ ನೋಟಿಫಿಕೇಶನ್ ಬರುವುದಿಲ್ಲ.

ಕಾಯ್ದೆಯ ಉತ್ತೇಜನ ಇಂಥ ಆಟಕ್ಕೆ ಸಿಗುವುದು ಕಷ್ಟ. ಅದರ ಪ್ರಕಾರ ಇ–ಸ್ಪೋರ್ಟ್ಸ್ ಎಂದರೆ ಹಲವರು ಸ್ಪರ್ಧಿಸುವ, ಕ್ರೀಡಾಕೂಟಗಳಲ್ಲಿ ಸೇರುವ ಆಟ. ಕಾಲೇಜು ಫೆಸ್ಟ್‌ಗಳಲ್ಲೂ ಇ–ಸ್ಪೋರ್ಟ್ಸ್ ಎಂದರೆ ಮೊಬೈಲ್‌ನಲ್ಲಿ ಗುಂಡು ಹಾರಿಸುವ ಆಟವೇ. ಫೆಸ್ಟ್ ನಡೆಸುವ ಗೆಳೆಯರು ಒಮ್ಮೆ ‘ಫ್ರೀಸಿವ್’ ನೋಡಬಹುದು. ‘ಸಿವಿಲೈಸೇಶನ್’ ಮಾದರಿಯ ಉಚಿತ ಆಟ ಇದು. ಡೆನ್ಮಾರ್ಕ್‌ನ ಆರ್ಹಸ್ ವಿಶ್ವವಿದ್ಯಾಲಯದ ಮೂವರು ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳು ಬರೆದು 1996ರಲ್ಲಿ ಬಿಡುಗಡೆ ಮಾಡಿದ್ದು. ಲ್ಯಾಬ್‌ನ ಹಳೆಯ ಕಂಪ್ಯೂಟರ್‌ಗಳಲ್ಲೂ ನಡೆಯುತ್ತದೆ. ಸೋರ್ಸ್ ಕೋಡ್ ತೆರೆದಿಟ್ಟಿರುವುದರಿಂದ, ಎಲ್ಲರಿಗೂ ಒಂದೇ ಊರು ಎಂಬ ನಿಯಮವನ್ನು ನಮ್ಮ ಕಂಪ್ಯೂಟರ್ ಸೈನ್ಸ್ ವಿಭಾಗದವರೇ ಬರೆದು ಸೇರಿಸಬಹುದು.