ಕೇಳಬೇಡ ಎನ್ನುವವರಿಗೆ

ನಮ್ಮ ಕ್ರೈಸ್ತ ಸಭೆಗಳಲ್ಲಿ ಕಳ್ಳನಿಗೆ ಸಿಗುವ ಕ್ಷಮೆ ಸಂಶಯಪಟ್ಟವನಿಗೆ ಸಿಗುವುದಿಲ್ಲ. ಕುಡಿದವನು, ಸಾಲ ಮುಳುಗಿಸಿದವನು, ಹೆಂಡತಿಯನ್ನು ಹೊಡೆದವನು ಎದ್ದುನಿಂತು ಕಣ್ಣೀರು ಸುರಿಸಿ ಸಾಕ್ಷಿ ಹೇಳಿದರೆ ಎಲ್ಲರೂ ಸ್ತೋತ್ರ ಎನ್ನುತ್ತಾರೆ. 'ಅಯ್ಯನವರೇ, ದೇವರು ಹೀಗೇಕೆ ಮಾಡಿದರು?' ಎಂದು ಒಬ್ಬ ಹುಡುಗ ಕೇಳಿದರೆ ಮಾತ್ರ ಹಿರಿಯರ ಮುಖ ಗಂಟಿಕ್ಕುತ್ತದೆ. ಹೊಳಲ್ಕೆರೆಯಂಥ ಊರಿನಲ್ಲಿ ನಾವಿರುವುದೇ ಕೆಲವು ಮನೆ. ಇರುವ ಹುಡುಗರನ್ನೂ ಗದರಿಸಿ ಹೊರಗೆ ಕಳಿಸಿ, ಆಮೇಲೆ 'ಈಗಿನವರಿಗೆ ಭಕ್ತಿ ಇಲ್ಲ' ಎಂದು ಗೊಣಗುವವರ ಮೇಲಿನ ಸಿಟ್ಟೇ ಈ ಬರಹಕ್ಕೆ ಕಾರಣ.

ನನಗೆ ಗೊತ್ತಿರುವ ಒಂದು ಮನೆಯ ಯಜಮಾನ ಮೂತ್ರಪಿಂಡದ ಕಾಯಿಲೆಯಿಂದ ತೀರಿಕೊಂಡ. ದಾವಣಗೆರೆಯ ಆಸ್ಪತ್ರೆಗೆ ಓಡಾಡಿ ಅಡಿಕೆ ತೋಟ ಅರ್ಧ ಕರಗಿತ್ತು. ಉಪವಾಸ ಪ್ರಾರ್ಥನೆಗೂ ಕೊರತೆಯಾಗಿರಲಿಲ್ಲ. ಮಣ್ಣು ಮಾಡಿದ ವಾರದಲ್ಲೇ, ಪರಊರಿನಿಂದ ಬಂದಿದ್ದ ಬೋಧಕರೊಬ್ಬರು ಆ ಹೆಣ್ಣುಮಗಳಿಗೆ ಹೇಳಿದ ಸಮಾಧಾನ ಏನು ಗೊತ್ತೇ? 'ಮನೆಯಲ್ಲಿ ಯಾರಿಗೋ ಪೂರ್ಣ ವಿಶ್ವಾಸ ಇರಲಿಲ್ಲಮ್ಮ.' ಪಕ್ಕದಲ್ಲಿ ಹದಿನೈದು ವರ್ಷದ ಮಗ ನಿಂತಿದ್ದ. ಆ 'ಯಾರೋ' ತಾನೇ ಎಂದು ತಿಳಿದುಕೊಂಡ. ಅಪ್ಪನ ಸಾವನ್ನು ಮಗನ ಹೆಗಲಿಗೆ ಹೊರಿಸಿದ ದೇವರ ಸೇವಕರು ಮರುದಿನ ಬಸ್ಸು ಹತ್ತಿ ಹೋದರು. ಹುಡುಗ ಮತ್ತೆ ಚರ್ಚಿನ ಮೆಟ್ಟಿಲು ಹತ್ತಲಿಲ್ಲ. ಇದರಲ್ಲಿ ಅವಿಶ್ವಾಸಿ ಯಾರು? ಉತ್ತರವಿಲ್ಲದ ಸಾವಿನ ಮುಂದೆ ಸುಮ್ಮನೆ ಕೂರುವಷ್ಟು ನಂಬಿಕೆ ಆ ಬೋಧಕರಿಗೇ ಇರಲಿಲ್ಲ ಎನ್ನುತ್ತೇನೆ ನಾನು.

ಇಂಥವರು ಸತ್ಯವೇದವನ್ನು ಪೂರ್ತಿ ಓದಿದ್ದಾರೆಯೇ ಎಂಬುದು ನನ್ನ ಅನುಮಾನ. (ಇದೊಂದನ್ನಾದರೂ ಅವರು ಕ್ಷಮಿಸಲಿ!) ಮಕ್ಕಳನ್ನು ಕಳೆದುಕೊಂಡ ಯೋಬನಿಗೆ ಮೂವರು ಗೆಳೆಯರು ಹೇಳಿದ್ದೂ ಇದನ್ನೇ, ತಪ್ಪು ನಿನ್ನಲ್ಲೇ ಇದೆ ಎಂದು. ಯೋಬ ಒಪ್ಪದೆ ದೇವರನ್ನೇ ನ್ಯಾಯಕ್ಕೆ ಕರೆದ. ದೇವರು ಬಿರುಗಾಳಿಯೊಳಗಿಂದ ಅವನನ್ನು ಗದರಿಸಿದ್ದು ನಿಜ. ಆದರೆ ಕೊನೆಗೆ ಕೋಪಗೊಂಡದ್ದು ಆ ಮೂವರ ಮೇಲೆ, ಅವರಿಗಾಗಿ ಯೋಬನೇ ಪ್ರಾರ್ಥಿಸಬೇಕಾಯಿತು.

ಇನ್ನು ತೋಮ. ಗಾಯ ಮುಟ್ಟಿ ನೋಡದೆ ನಂಬೆನು ಎಂದವನು ಎಂಟು ದಿನಗಳಾದ ಮೇಲೆ ಎಲ್ಲಿದ್ದ? ಅದೇ ಶಿಷ್ಯರ ನಡುವೆ, ಅದೇ ಮನೆಯೊಳಗೆ. ಯೋಹಾನನ ಸುವಾರ್ತೆಯ ಈ ಸಣ್ಣ ಸಂಗತಿಯನ್ನು ನಮ್ಮ ಪ್ರಸಂಗಿಗಳು ದಾಟಿಹೋಗುತ್ತಾರೆ. ಪೇತ್ರನಾಗಲಿ ಯೋಹಾನನಾಗಲಿ ಅವನನ್ನು ಹೊರಗೆ ಹಾಕಲಿಲ್ಲ. ಹಾಕಿದ್ದರೆ ಯೇಸುಸ್ವಾಮಿ ಬಂದಾಗ ಅವನು ಅಲ್ಲಿರುತ್ತಲೇ ಇರಲಿಲ್ಲ. ನೋಡದೆ ನಂಬಿದವರನ್ನು ಸ್ವಾಮಿ ಹೊಗಳಿಲ್ಲವೇ ಎಂದು ವಾದಿಸುತ್ತಾರೆ. ಹೊಗಳಿದರು, ಗಾಯ ತೋರಿಸಿದ ಮೇಲೆ. ನಮ್ಮ ದೇಶಕ್ಕೆ ಸುವಾರ್ತೆ ತಂದವನು ಇದೇ ತೋಮ ಎಂಬುದು ಪರಂಪರೆಯ ಮಾತು.

ಕನ್ನಡದ ಸಭೆಯಲ್ಲೂ ಕೇಳುವುದಕ್ಕೆ ಹೆದರದವರು ಇದ್ದರು. ಬಾಸೆಲ್ ಮಿಷನ್ನಿನ ಪಾದ್ರಿ ಉತ್ತಂಗಿ ಚನ್ನಪ್ಪನವರು ಊರೂರು ಅಲೆದು ಸರ್ವಜ್ಞನ ತ್ರಿಪದಿಗಳನ್ನು ಸಂಗ್ರಹಿಸಿ 1924ರಲ್ಲಿ ಅಚ್ಚು ಹಾಕಿಸಿದರು. ಎಲ್ಲ ಮತಗಳ ಡಂಭವನ್ನೂ ಚುಚ್ಚಿದ ಕವಿಯ ಸಹವಾಸದಿಂದ ಅವರ ಕ್ರಿಸ್ತಭಕ್ತಿ ಕರಗಲಿಲ್ಲ. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ನಾಡು ಅವರನ್ನೇ ಅಧ್ಯಕ್ಷರನ್ನಾಗಿ ಕೂರಿಸಿತು. ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಹೊರಬಂದಾಗ, ದೇವರ ಸುಳಿವೇ ತಟ್ಟದ ಕತ್ತಲೆಯಲ್ಲಿ ಅವರು ದಶಕಗಳನ್ನು ಕಳೆದದ್ದು ಲೋಕಕ್ಕೆ ತಿಳಿಯಿತು. ಆ ಕತ್ತಲೆಯಲ್ಲೂ ಅವರು ರೋಗಿಗಳ ಸೇವೆ ಬಿಡಲಿಲ್ಲ, ಪ್ರಾರ್ಥನೆಯನ್ನೂ ಬಿಡಲಿಲ್ಲ. 2016ರಲ್ಲಿ ಸಭೆ ಅವರನ್ನು ಸಂತರೆಂದು ಸಾರಿತು.

ಎದುರು ಪಕ್ಷದವರಿಗೂ ಒಂದು ಮಾತಿದೆ. ಪ್ರಶ್ನೆ ಎಸೆದು, ಉತ್ತರಕ್ಕೆ ಕಾಯದೆ ಎದ್ದುಹೋಗುವುದನ್ನು ವಿಚಾರವಾದ ಎಂದು ನಾನು ಒಪ್ಪಲಾರೆ. ನಮ್ಮ ಕಡೆಯ ರೈತ ಬೋರ್‌ವೆಲ್ ಕೊರೆಸುವ ಮುಂಚೆ ನಾಲ್ಕು ಜನರನ್ನು ವಿಚಾರಿಸುತ್ತಾನೆ, ತೆಂಗಿನಕಾಯಿ ಹಿಡಿದು ನೀರು ತೋರಿಸುವವನನ್ನೂ ಅನುಮಾನಿಸುತ್ತಾನೆ. ಆದರೂ ಒಂದು ದಿನ ಒಂದು ಜಾಗ ಗೊತ್ತುಮಾಡಿ ಕೊರೆಸುತ್ತಾನೆ. ಅನುಮಾನಿಸುತ್ತಲೇ ಕೂತರೆ ತೋಟ ಒಣಗುತ್ತದೆ.

ನಮ್ಮೂರಿನ ಗಣಪತಿಗೆ ಬಯಲು ಗಣಪತಿ ಎಂದೇ ಹೆಸರು. ಬಿಸಿಲು ಮಳೆಗೆ ಮೈಯೊಡ್ಡಿ ಕೂತಿದ್ದಾನೆ. ನಮ್ಮ ವಿಶ್ವಾಸಕ್ಕೆ ಮಾತ್ರ ಒಬ್ಬ ಹುಡುಗನ ಪ್ರಶ್ನೆಯ ಗಾಳಿಯೂ ತಾಗಬಾರದಂತೆ! ಭಾನುವಾರ ಆರಾಧನೆ ಮುಗಿದ ಮೇಲೆ ಅರ್ಧ ಗಂಟೆ ಬಿಡಿ. ಯಾರು ಏನನ್ನಾದರೂ ಕೇಳಲಿ. ಗೊತ್ತಿದ್ದರೆ ಹೇಳಿ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಸಾವಿನ ಮನೆಗೆ ಹೋದಾಗ ದಯವಿಟ್ಟು ಕಾರಣ ಹೇಳಬೇಡಿ. ಆ ತಾಯಿಯ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತು ಬನ್ನಿ.